ಬಿಳಿಚೋಡಿನ ದಾರಿ ಮತ್ತು ಹದಿನೈದು ಸಾವಿರದ ಲೆಕ್ಕ: ಹೊಸ ಬೈಕ್ ಸವಾರಳೊಬ್ಬಳ ರಕ್ಷಣಾ ಉಡುಪಿನ ಪ್ರಕರಣ

ದಾವಣಗೆರೆಯಲ್ಲಿ ಮೋಟಾರು ವಿಮೆಯ ಸರ್ವೇಯರ್ ಆಗಿರುವ ನನಗೆ ಬಿದ್ದ ಬೈಕುಗಳನ್ನು ನೋಡುವುದೇ ನಿತ್ಯದ ಕೆಲಸ. ಯಾವ ಗ್ಯಾರೇಜಿಗೆ ಹೋದರೂ ಗುರುತುಗಳು ಬಹುಮಟ್ಟಿಗೆ ಅವೇ ಆಗಿರುತ್ತವೆ: ಹ್ಯಾಂಡಲ್ಲಿನ ತುದಿ ಉಜ್ಜಿ ಬೆಳ್ಳಗಾಗಿರುತ್ತದೆ, ಕ್ಲಚ್ ಲಿವರ್ ಬಾಗಿರುತ್ತದೆ, ಫುಟ್‌ರೆಸ್ಟಿನ ರಬ್ಬರು ಕಿತ್ತಿರುತ್ತದೆ, ಎಂಜಿನ್ ಕವರಿನ ಮೇಲೆ ಡಾಂಬರಿನ ಗೀರು ಬಿದ್ದಿರುತ್ತದೆ. ಬೈಕು ನೆಲ ಮುಟ್ಟಿದ ಪ್ರತಿಯೊಂದು ಜಾಗದ ಪಕ್ಕದಲ್ಲೂ ಸವಾರನ ಅಂಗೈಯೋ ಮೊಣಕೈಯೋ ಮೊಣಕಾಲೋ ಕಾಲಿನ ಗಿಣ್ಣೋ ಇದ್ದಿರಲೇಬೇಕು. ಆದರೆ ನನ್ನ ವರದಿಯ ನಮೂನೆಯಲ್ಲಿ ಅವಕ್ಕೆ ಅಂಕಣವಿಲ್ಲ. ಆ ಅಂಕಣವನ್ನು ಒಮ್ಮೆ ತುಂಬಬೇಕಾಗಿ ಬಂದದ್ದು ನನ್ನ ಅಣ್ಣನ ಮಗಳು ಗೇರ್ ಬೈಕ್ ಕೊಂಡಾಗ. ಅವಳ ಒಪ್ಪಿಗೆ ಪಡೆದು ಆ ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಸಲಹೆಯಲ್ಲಿ ಎರಡು ತಪ್ಪುಗಳಾದವು. ಒಂದಕ್ಕೆ ಹಣ ಹೋಯಿತು, ಇನ್ನೊಂದಕ್ಕೆ ಅವಳು ಆರು ವಾರ ಮನೆಯಲ್ಲಿ ಕೂತಳು.

ಹಿನ್ನೆಲೆ

ಅವಳಿಗೆ ಇಪ್ಪತ್ತನಾಲ್ಕು ವರ್ಷ. ಹನಿ ನೀರಾವರಿ ಸಾಮಗ್ರಿ ಪೂರೈಸುವ ಸಂಸ್ಥೆಯೊಂದರಲ್ಲಿ ಕ್ಷೇತ್ರ ಸಹಾಯಕಿಯ ಕೆಲಸ. ವಾರದಲ್ಲಿ ಮೂರು ದಿನ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಆನಗೋಡು ದಾಟಿ ಭರಮಸಾಗರದ ಕಡೆಗೆ ಹೋಗಬೇಕು. ಉಳಿದ ದಿನಗಳಲ್ಲಿ ಬಿಳಿಚೋಡು ಮತ್ತು ಜಗಳೂರು ಸುತ್ತಿನ ಹಳ್ಳಿಗಳಿಗೆ. ಕಾಲೇಜಿನ ದಿನಗಳಲ್ಲಿ ವಿದ್ಯಾನಗರದಿಂದ ಪಿ.ಬಿ. ರಸ್ತೆಯವರೆಗೆ ಸ್ಕೂಟರ್ ಓಡಿಸಿದ್ದು ಬಿಟ್ಟರೆ ಬೇರೆ ಅನುಭವವಿರಲಿಲ್ಲ. ಯುಗಾದಿಯ ಹೊತ್ತಿಗೆ 160 ಸಿಸಿಯ ಬೈಕು ಮನೆಗೆ ಬಂತು. ಉಡುಪಿಗೆಂದು ಅವಳು ತೆಗೆದಿಟ್ಟಿದ್ದು ಹದಿನೈದು ಸಾವಿರ ರೂಪಾಯಿ.

ಈ ಎರಡು ದಾರಿಗಳ ಸ್ವಭಾವವನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಆಯ್ಕೆಯ ಲೆಕ್ಕವೆಲ್ಲ ಅವುಗಳ ಮೇಲೆಯೇ ನಿಲ್ಲುತ್ತದೆ. ಹೆದ್ದಾರಿಯಲ್ಲಿ ವೇಗ ಎಪ್ಪತ್ತು ಎಂಬತ್ತು ಇರುತ್ತದೆ, ಲಾರಿ ಪಕ್ಕದಲ್ಲಿ ಹಾದುಹೋದಾಗ ಗಾಳಿ ದಬ್ಬುತ್ತದೆ, ಆಷಾಢದಲ್ಲಂತೂ ಚಿತ್ರದುರ್ಗದ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲವೆಂಬುದು ಬೈಕಿನವರಿಗೆ ಕತ್ತಿನಲ್ಲೇ ಗೊತ್ತಾಗುತ್ತದೆ. ಬಿಳಿಚೋಡಿನ ದಾರಿಯಲ್ಲಿ ವೇಗ ನಲವತ್ತನ್ನು ದಾಟುವುದು ಕಡಿಮೆ, ಆದರೆ ಅಲ್ಲಿ ನಾಯಿ, ಎಮ್ಮೆ, ಮಣ್ಣು ಸುರಿಸಿಕೊಂಡು ಹೋಗುವ ಟ್ರ್ಯಾಕ್ಟರ್, ಸುಗ್ಗಿಯಲ್ಲಿ ರಸ್ತೆಯ ಅರ್ಧ ಭಾಗದ ಮೇಲೆ ಹರವಿದ ಮೆಕ್ಕೆಜೋಳ ಎಲ್ಲವೂ ಇರುತ್ತವೆ. ಹೊಸಬರು ಭಯಪಡುವುದು ಹೆದ್ದಾರಿಗೆ. ನನ್ನ ಸರ್ವೇ ಕಡತಗಳಲ್ಲಿರುವ ಹೊಸಬರ ಬೈಕುಗಳು ಮಾತ್ರ ಬಹುಪಾಲು ಎರಡನೆಯ ಬಗೆಯ ರಸ್ತೆಯಲ್ಲಿ ಬಿದ್ದವು.

ಹೆಲ್ಮೆಟ್

ಅವಳು ಕೇಳಿದ ಮೊದಲ ಪ್ರಶ್ನೆ, ಎಲ್ಲರೂ ಕೇಳುವಂಥದ್ದೇ, ಎಂಬತ್ತರ ವೇಗಕ್ಕೆ ತಡೆಯುವ ಹೆಲ್ಮೆಟ್ ಯಾವುದು ಎಂಬುದಾಗಿತ್ತು. ಹೆಲ್ಮೆಟ್ಟಿನ ಪರೀಕ್ಷೆ ನಡೆಯುವುದು ಆ ವೇಗದಲ್ಲಲ್ಲ. ಯುರೋಪಿನ ಇಸಿಇ 22.05 ಮಾನದಂಡದಲ್ಲಿ ಹೆಲ್ಮೆಟ್ ತೊಡಿಸಿದ ತಲೆಯಚ್ಚನ್ನು ಸೆಕೆಂಡಿಗೆ 7.5 ಮೀಟರ್, ಅಂದರೆ ಗಂಟೆಗೆ 27 ಕಿ.ಮೀ. ವೇಗದಲ್ಲಿ ಉಕ್ಕಿನ ಅಡಿಗಲ್ಲಿಗೆ ಬಡಿಸುತ್ತಾರೆ. ನಂತರ ಬಂದ 22.06ರಲ್ಲಿ ಇದಕ್ಕಿಂತ ಹೆಚ್ಚಿನ ಹಾಗೂ ಕಡಿಮೆ ವೇಗದ ಪೆಟ್ಟುಗಳನ್ನೂ ಸೇರಿಸಿದ್ದಾರೆ. ಇದು ತೀರಾ ಕಡಿಮೆ ಎನಿಸಬಹುದು. ಆದರೆ ಬೈಕಿನ ಮೇಲೆ ಕುಳಿತವರ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ, ಅಲ್ಲಿಂದ ನೆಟ್ಟಗೆ ಬಿದ್ದರೆ ನೆಲ ಮುಟ್ಟುವ ಹೊತ್ತಿಗೆ ಅದರ ವೇಗ ಗಂಟೆಗೆ 20 ಕಿ.ಮೀ. ಆಸುಪಾಸು. ಬೈಕು ಎಂಬತ್ತರಲ್ಲಿದ್ದರೂ ಸವಾರ ಜಾರಿ ಬಿದ್ದಾಗ ತಲೆ ನೆಲಕ್ಕೆ ಅಪ್ಪಳಿಸುವುದು ಈ ಎತ್ತರದ ಲೆಕ್ಕದಲ್ಲೇ. ಉಳಿದ ವೇಗ ಉಜ್ಜುವುದರಲ್ಲಿ ಕಳೆಯುತ್ತದೆ. ಎದುರಿಗೆ ಮರವೋ ಲಾರಿಯೋ ಇದ್ದರೆ ಮಾತು ಬೇರೆ. ನಿಂತ ಬೈಕಿನಿಂದ ಬಿದ್ದರೂ ಹೆಲ್ಮೆಟ್ ಬೇಕಾಗುವುದು ಇದೇ ಲೆಕ್ಕದಿಂದ.

ಭಾರತದಲ್ಲಿ ಕಾನೂನಿನ ಮಾನದಂಡ ಐಎಸ್ 4151. 2020ರ ಗುಣಮಟ್ಟ ನಿಯಂತ್ರಣ ಆದೇಶದ ಪ್ರಕಾರ 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತೆಯೇ ಇಲ್ಲ. ಆದರೂ ಮುನ್ನೂರು ರೂಪಾಯಿಯ ಹೆಲ್ಮೆಟ್ಟಿನ ಮೇಲೂ ಐಎಸ್‌ಐ ಚೀಟಿ ಅಂಟಿರುತ್ತದೆ. ಗುರುತಿನ ಕೆಳಗೆ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದು ಯಾವ ತಯಾರಕರದ್ದು ಎಂದು ತಿಳಿಯುತ್ತದೆ. ಅಂಗಡಿಯಲ್ಲಿ ನಾವು ನೋಡಿದ ನಾಲ್ಕರಲ್ಲಿ ಒಂದರ ಸಂಖ್ಯೆ ಹೊಂದಲಿಲ್ಲ, ಅದನ್ನು ಅಲ್ಲೇ ಬಿಟ್ಟೆವು. ಡಿಓಟಿ ಎಂಬ ಅಕ್ಷರಗಳಿಗೆ ನಮ್ಮ ಹುಡುಗರು ವಿಶೇಷ ಮರ್ಯಾದೆ ಕೊಡುತ್ತಾರೆ. ಅದು ಅಮೆರಿಕದ ಮಾನದಂಡ. ಅಲ್ಲಿ ತಯಾರಕರೇ ತಮ್ಮ ಮಾಲು ಸರಿಯಿದೆಯೆಂದು ಘೋಷಿಸಿಕೊಂಡು ಗುರುತು ಹಾಕುತ್ತಾರೆ, ಸರ್ಕಾರ ಆಮೇಲೆ ಮಾರುಕಟ್ಟೆಯಿಂದ ಎತ್ತಿ ಪರೀಕ್ಷಿಸುತ್ತದೆ.

ಅರ್ಧ ಮುಖದ ಹೆಲ್ಮೆಟ್ ಗಾಳಿಯಾಡುತ್ತದೆಂದು ಅವಳಿಗೆ ಮನಸ್ಸಿತ್ತು. ಜರ್ಮನಿಯ ಡೀಟ್ಮಾರ್ ಓಟೆ ಅಪಘಾತದ ಹೆಲ್ಮೆಟ್‌ಗಳನ್ನು ಪರಿಶೀಲಿಸಿ ಗುರುತಿಸಿದಂತೆ ಪೆಟ್ಟುಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಗಲ್ಲದ ಭಾಗಕ್ಕೇ ಬೀಳುತ್ತದೆ. ಅರ್ಧ ಮುಖದ ಹೆಲ್ಮೆಟ್ಟಿಗೆ ಆ ಭಾಗವೇ ಇಲ್ಲ. ಇಷ್ಟು ಹೇಳಿದ ಮೇಲೆ ಅವಳು ವಾದಿಸಲಿಲ್ಲ.

ಅಳತೆಗೆ ಹೆಚ್ಚು ಹೊತ್ತು ಹಿಡಿಯಿತು, ಹಿಡಿಯಬೇಕಾದ್ದೂ ಹೌದು. ದರ್ಜಿಯ ಟೇಪನ್ನು ಹುಬ್ಬಿನ ಮೇಲಿನಿಂದ ಹಿಂದಲೆಯ ಉಬ್ಬಿನ ಮೇಲೆ ಸುತ್ತಿದಾಗ 56.5 ಸೆಂ.ಮೀ. ಬಂತು, ಒಂದು ಕಂಪನಿಯಲ್ಲಿ ಅದು ಸ್ಮಾಲ್, ಮತ್ತೊಂದರಲ್ಲಿ ಮೀಡಿಯಂ. ಅಂಗಡಿಯವನು ಸಡಿಲವಾದದ್ದನ್ನೇ "ಆರಾಮಾಗೈತಿ" ಎಂದು ಮುಂದೊಡ್ಡಿದ. ಹೊಸ ಹೆಲ್ಮೆಟ್ ಕೆನ್ನೆಯನ್ನು ಒತ್ತಬೇಕು, ಏನನ್ನಾದರೂ ಅಗಿಯಲು ಹೋದರೆ ಒಳಗೆನ್ನೆ ಹಲ್ಲಿಗೆ ಸಿಗುವಷ್ಟು ಬಿಗಿಯಿರಬೇಕು, ಏಕೆಂದರೆ ಒಳಗಿನ ಸ್ಪಂಜು ಕೆಲವೇ ವಾರಗಳಲ್ಲಿ ಕುಗ್ಗುತ್ತದೆ. ಪಟ್ಟಿ ಬಿಗಿದ ಮೇಲೆ ಹಿಂದಿನ ಅಂಚಿಗೆ ಬೆರಳು ಹಾಕಿ ಮುಂದಕ್ಕೆ ಉರುಳಿಸಿ ನೋಡಿದೆ. ಸ್ಮಾಲ್ ಅಲುಗಲಿಲ್ಲ, ಮೀಡಿಯಂ ಕಣ್ಣಿನ ಮೇಲೆ ಬಂತು. ಸ್ಮಾಲ್ ತೊಡಿಸಿ ಇಪ್ಪತ್ತು ನಿಮಿಷ ಕೂರಿಸಿದೆವು. ತೆಗೆದಾಗ ಹಣೆಯ ನಡುವೆ ಕೆಂಪು ಗೆರೆ ಮೂಡಿತ್ತು. ಅದು ಅಳತೆಯ ದೋಷವಲ್ಲ, ಆಕಾರದ ದೋಷ: ಆ ಹೆಲ್ಮೆಟ್ಟಿನ ಒಳಗು ದುಂಡಗಿತ್ತು, ಅವಳ ತಲೆ ಮುಂದಿನಿಂದ ಹಿಂದಕ್ಕೆ ತುಸು ಉದ್ದ. ಮೂರನೆಯದು ಸರಿಹೋಯಿತು. ಆಮೇಲೆ ನೆನಪಾಯಿತು, ಅವಳು ನೋಡಿದ್ದೆಲ್ಲ ಕೂದಲು ಬಿಟ್ಟುಕೊಂಡು. ಕೆಲಸಕ್ಕೆ ಹೋಗುವುದು ಜಡೆ ಹೆಣೆದು, ಹಿಂದೆ ಗಟ್ಟಿ ಕ್ಲಿಪ್ ಹಾಕಿಕೊಂಡು. ಕ್ಲಿಪ್ ಇದ್ದಾಗ ಹೆಲ್ಮೆಟ್ ಒಂದು ಬೆರಳು ಮೇಲೇ ನಿಂತಿತು. ಕ್ಲಿಪ್ಪಿನ ಜಾಗಕ್ಕೆ ರಬ್ಬರ್ ಬ್ಯಾಂಡ್ ಬಂತು, ಜಡೆಯ ಗಂಟು ಕತ್ತಿನ ಕೆಳಗೆ ಇಳಿಯಿತು. ಐಎಸ್‌ಐ ಮತ್ತು ಇಸಿಇ ಎರಡೂ ಇದ್ದ, ಬಣ್ಣವಿಲ್ಲದ ವೈಸರಿನ ಆ ಹೆಲ್ಮೆಟ್ಟಿಗೆ 3,400 ರೂಪಾಯಿ. ಭರಮಸಾಗರದಿಂದ ಮರಳುವಾಗ ಹೊತ್ತು ಮುಳುಗಿರುತ್ತದೆ, ಆದ್ದರಿಂದ ಕಪ್ಪು ವೈಸರಿನ ಪ್ರಶ್ನೆ ಏಳಲಿಲ್ಲ.

ಜಾಕೆಟ್: ಮೊದಲ ತಪ್ಪು

ಇಲ್ಲಿ ನಾನು ಓದಿಕೊಂಡದ್ದೇ ನನಗೆ ಮುಳುವಾಯಿತು. ಯುರೋಪಿನ ಇಎನ್ 17092 ಮಾನದಂಡವು ಉಡುಪನ್ನು ಎಎಎ, ಎಎ, ಎ ಎಂದು ಇಳಿಕೆಯ ಕ್ರಮದಲ್ಲಿ ವರ್ಗೀಕರಿಸುತ್ತದೆ. ಉಜ್ಜಿದಾಗ ಬಟ್ಟೆ ಎಷ್ಟು ತಾಳುತ್ತದೆ, ಹೊಲಿಗೆ ಬಿಡುತ್ತದೆಯೋ ಇಲ್ಲವೋ ಎಂಬುದರ ಮೇಲೆ ಆ ಅಕ್ಷರ. ಭುಜ ಮತ್ತು ಮೊಣಕೈಯೊಳಗೆ ಕೂರುವ ಆರ್ಮರಿಗೆ, ಅಂದರೆ ಪೆಟ್ಟು ಹೀರುವ ಪ್ಯಾಡಿಗೆ, ಇಎನ್ 1621-1 ಎಂಬ ಬೇರೆ ಪರೀಕ್ಷೆಯುಂಟು: 50 ಜೂಲ್ ಪೆಟ್ಟು ಹಾಕಿದಾಗ ಒಳಗೆ ದಾಟುವ ಬಲ ಸರಾಸರಿ 35 ಕಿಲೋನ್ಯೂಟನ್ ಮೀರದಿದ್ದರೆ ಲೆವೆಲ್ 1, 20 ಮೀರದಿದ್ದರೆ ಅದಕ್ಕಿಂತ ಮೇಲಾದ ಲೆವೆಲ್ 2. ಬೆನ್ನಿನ ಆರ್ಮರಿಗೆ ಇದೇ ಮಿತಿಗಳು 18 ಮತ್ತು 9. ಕಾಗದದ ಮೇಲೆ ಎಎ ವರ್ಗದ, ಲೆವೆಲ್ 2 ಆರ್ಮರಿನ, ಒಳಗೆ ಚಳಿಯ ಪದರ ಮತ್ತು ಮಳೆಯ ಪದರವಿದ್ದ ಕಪ್ಪು ಜಾಕೆಟ್ ಎಲ್ಲಕ್ಕಿಂತ ಮೇಲಾಗಿ ಕಂಡಿತು. 7,600 ರೂಪಾಯಿ ಕೊಟ್ಟು ಅದನ್ನೇ ಕೊಡಿಸಿದೆ. ಅದನ್ನು ತೊಟ್ಟು ಬಾಗಿಲಲ್ಲಿ ನಿಂತ ಅವಳನ್ನು ನೋಡಿ ಅತ್ತಿಗೆ, "ಹೊಲಕ್ಕೆ ಪೈಪ್ ಅಳೆಯೋಕೆ ಹೋಗ್ತಾಳೋ, ಗಡಿ ಕಾಯೋಕೆ ಹೋಗ್ತಾಳೋ" ಎಂದರು.

ಏಪ್ರಿಲ್ ಬಂತು. ಬಿಸಿಲು 38 ಡಿಗ್ರಿ ಮುಟ್ಟಿದ ದಿನಗಳಲ್ಲಿ ಅವಳು ಎರಡು ವಾರ ಅದನ್ನು ತೊಟ್ಟಳು. ಮೂರನೆಯ ವಾರ ಅವಳ ಮನೆಗೆ ಹೋದಾಗ ಜಾಕೆಟ್ ಬಾಗಿಲ ಹಿಂದಿನ ಗೂಟದಲ್ಲಿ ತೂಗುತ್ತಿತ್ತು, ಅದರ ಮೇಲೆ ಅತ್ತಿಗೆಯ ಸಂತೆಚೀಲವೂ ಇತ್ತು. ಕೇಳಿದ್ದಕ್ಕೆ, "ಚಿಗಪ್ಪ, ಇದನ್ನ ಹಾಕ್ಕೊಂಡು ಸಿಗ್ನಲ್‌ನಾಗೆ ಎರಡು ನಿಮಿಷ ನಿಂತ್ರೆ ತಲೆ ತಿರುಗ್ತತಿ, ನೀವೇ ಒಂದಿನ ಹಾಕ್ಕೊಂಡು ನೋಡ್ರಿ" ಎಂದಳು. ನಾನು ಹಾಕಿ ನೋಡಲಿಲ್ಲ, ನೋಡುವ ಅಗತ್ಯವಿರಲಿಲ್ಲ. ಬೆವರಿ ಬಸವಳಿದ ಸವಾರನ ಗಮನ ಚದುರುತ್ತದೆ, ಅದೂ ಒಂದು ಅಪಾಯವೇ. ಎಎ ವರ್ಗದ ಜಾಕೆಟ್ ಗೂಟದಲ್ಲಿದ್ದಾಗ ಅವಳ ಮೈಮೇಲಿದ್ದದ್ದು ಹತ್ತಿಯ ಕುರ್ತಾ, ಮೇಲೊಂದು ವೇಲು. ವೇಲಿನ ತುದಿ ಹಿಂಚಕ್ರಕ್ಕೆ ಸಿಕ್ಕಿ ಕತ್ತಿಗೆ ಬಿಗಿದ ಪ್ರಕರಣಗಳನ್ನು ನನ್ನ ವೃತ್ತಿಯವರೆಲ್ಲ ಕಂಡಿರುತ್ತಾರೆ. ಅವಳಿಗೆ ಅದನ್ನು ಹೇಳಿದ ದಿನವೇ ವೇಲು ಬೈಕಿನಿಂದ ಇಳಿಯಿತು.

ಜಾಕೆಟ್ಟನ್ನು ಹಾಸನದ ಕಡೆಗೆ ವರ್ಗವಾಗಿದ್ದ ಅವಳ ಸಹೋದ್ಯೋಗಿಯೊಬ್ಬರು ಐದು ಸಾವಿರಕ್ಕೆ ಕೊಂಡರು. 6,100 ರೂಪಾಯಿಗೆ ಬೂದು ಬಣ್ಣದ ಮೆಶ್ ಜಾಕೆಟ್ ಬಂತು: ಎದೆ, ಬೆನ್ನು, ತೋಳಿನ ಒಳಬದಿಯಲ್ಲಿ ಜಾಲರಿ, ಭುಜ ಮತ್ತು ಮೊಣಕೈಯ ಹೊರಬದಿಯಲ್ಲಿ ದಪ್ಪ ಬಟ್ಟೆ, ವರ್ಗ ಎ, ಆರ್ಮರ್ ಲೆವೆಲ್ 2. ಬೆನ್ನಿನ ಜೇಬಿನಲ್ಲಿ ಇದ್ದದ್ದು ಬರಿಯ ಸ್ಪಂಜಿನ ತುಂಡು. ಹಲವು ಜಾಕೆಟ್‌ಗಳಲ್ಲಿ ಹೀಗೆಯೇ, ಕೈಹಾಕಿ ತೆಗೆದು ಅದರ ಮೇಲೆ ಮಾನದಂಡದ ಸಂಖ್ಯೆ ಅಚ್ಚಾಗಿದೆಯೇ ಎಂದು ನೋಡದೆ ತಿಳಿಯುವುದಿಲ್ಲ. ಈ ಸಲ ಅವಳನ್ನು ಅಂಗಡಿಯ ಮುಂದೆ ಬೈಕಿನ ಮೇಲೆ ಕೂರಿಸಿ ಹ್ಯಾಂಡಲ್ ಹಿಡಿಸಿದೆ. ನಿಂತಾಗ ಸರಿಯಿದ್ದ ಮೊಣಕೈ ಆರ್ಮರ್ ಕೈ ಚಾಚಿದಾಗ ಎರಡು ಬೆರಳು ಮೇಲೆ ಸರಿಯಿತು, ಒಂದು ಅಳತೆ ಚಿಕ್ಕದು ತೊಟ್ಟಾಗ ಅಲ್ಲೇ ನಿಂತಿತು. ಒಳಗೆ ಒದ್ದೆ ಮಾಡಿದ ಹತ್ತಿ ಬನಿಯನ್ ತೊಡುವ ಉಪಾಯ ಅವಳದೇ. ಮಳೆಗೆ ಮೇಲೆ ಹಾಕುವ ರೇನ್‌ಕೋಟ್ ಸಾಕು, ನಮ್ಮ ಸೀಮೆಯ ಮಳೆಗೆ ಅದಕ್ಕಿಂತ ಹೆಚ್ಚಿನ ಏರ್ಪಾಡು ಬೇಡ.

ಕೈಗವಸು ಮತ್ತು ಮೊಣಕಾಲು

ಬೀಳುವಾಗ ಕೈ ಮುಂದಕ್ಕೆ ಹೋಗುವುದನ್ನು ಯಾರೂ ತಡೆಯಲಾರರು. ಆದ್ದರಿಂದ ಗ್ಲೌಸಿನಲ್ಲಿ ನಾನು ಮೊದಲು ನೋಡುವುದು ಗೆಣ್ಣುಗಳ ಮೇಲಿನ ಮಿರುಗುವ ಪ್ಲಾಸ್ಟಿಕ್ಕನ್ನಲ್ಲ, ಅಂಗೈಯ ಬುಡವನ್ನು. ಅಲ್ಲಿ ನೆಲಕ್ಕೆ ಕಚ್ಚಿಕೊಳ್ಳದೆ ಜಾರುವಂಥ ಗಟ್ಟಿ ತುಂಡು ಇರಬೇಕು. ಇಲ್ಲದಿದ್ದರೆ ಅಂಗೈ ಒಂದೆಡೆ ನಿಂತು ಮೈ ಮುಂದೆ ಹೋಗುತ್ತದೆ, ಮಣಿಕಟ್ಟಿನ ಸಣ್ಣ ಮೂಳೆಗಳು ಮುರಿಯುವುದು ಆಗಲೇ. ಮಣಿಕಟ್ಟಿನ ಪಟ್ಟಿ ಬಿಗಿದು ಬೆರಳ ತುದಿ ಹಿಡಿದು ಎಳೆದಾಗ ಗ್ಲೌಸ್ ಕಳಚಬಾರದು. ಅವಳ ಕೈ ಚಿಕ್ಕದು, ಅಂಗಡಿಯಲ್ಲಿದ್ದ ಅತಿ ಚಿಕ್ಕ ಗ್ಲೌಸಿನಲ್ಲೂ ಬೆರಳ ತುದಿ ಒಂದು ಸೆಂ.ಮೀ. ಖಾಲಿ ಉಳಿದು ಕ್ಲಚ್ ಲಿವರಿಗೆ ಸಿಕ್ಕುತ್ತಿತ್ತು. ಹೆಂಗಸರ ಅಳತೆಯದನ್ನು ಬೆಂಗಳೂರಿನಿಂದ ತರಿಸಲು ಹನ್ನೆರಡು ದಿನ ಕಾದೆವು. 1,900 ರೂಪಾಯಿ.

ಮೊಣಕಾಲಿಗೆ ಪಟ್ಟಿ ಕಟ್ಟುವ ನೀ ಗಾರ್ಡ್, 1,700 ರೂಪಾಯಿ. ಇಲ್ಲಿಗೆ ಹಣ ಮುಗಿದಿತ್ತು. ಶೂಗಳ ಮಾತು ಬಂದಾಗ ನಾನು, "ಸದ್ಯಕ್ಕೆ ಇರೋ ಶೂನೇ ಸಾಕವ್ವ, ದೀಪಾವಳಿಗೆ ನೋಡೋಣ" ಎಂದೆ. ಇದ್ದದ್ದು ಗಿಣ್ಣಿಗಿಂತ ಕೆಳಗೆ ಮುಗಿಯುವ ಕ್ಯಾನ್ವಾಸ್ ಶೂ.

ಬಿದ್ದದ್ದು

ನವೆಂಬರಿನ ಎರಡನೆಯ ವಾರ, ಸಂಜೆ ಐದೂವರೆ, ಬಿಳಿಚೋಡಿನಿಂದ ಮರಳುವ ದಾರಿ. ರಸ್ತೆಯ ಎಡ ಅರ್ಧದಲ್ಲಿ ಮೆಕ್ಕೆಜೋಳ ಹರವಿ, ವಾಹನ ಹತ್ತದಿರಲೆಂದು ಅಂಚಿಗೆ ಕಲ್ಲು ಸಾಲಿಟ್ಟಿದ್ದರು. ಎದುರಿನಿಂದ ಟ್ರ್ಯಾಕ್ಟರ್ ಬಂತು. ಇವಳು ಎಡಕ್ಕೆ ಒತ್ತಿದಳು, ಕಲ್ಲು ತಪ್ಪಿಸಿದಳು, ಮುಂಚಕ್ರ ಕಾಳಿನ ಮೇಲೆ ಹೋಯಿತು. ಒಣಗಿದ ಮೆಕ್ಕೆಜೋಳ ಟೈರಿನ ಕೆಳಗೆ ಗೋಲಿಯಂತೆ ಉರುಳುತ್ತದೆ. ಬ್ರೇಕ್ ಹಿಡಿದಾಗ ಚಕ್ರ ಕಟ್ಟಿಕೊಳ್ಳದಂತೆ ತಡೆಯುವ ಎಬಿಎಸ್ ಇದ್ದರೂ ಚಕ್ರ ಹಿಡಿಯಲು ರಸ್ತೆಯೇ ಸಿಗುವುದಿಲ್ಲ. ಬೈಕು ಎಡಕ್ಕೆ ಮಲಗಿತು.

ಮರುದಿನ ನಾನು ಅಲ್ಲಿಗೆ ಹೋಗಿ ಅಳೆದೆ, ವೃತ್ತಿಯ ಚಟ. ಫುಟ್‌ರೆಸ್ಟ್ ಡಾಂಬರಿನ ಮೇಲೆ ಎಳೆದ ಗೀರು ಹತ್ತು ಮೀಟರಿಗೆ ಸ್ವಲ್ಪ ಕಡಿಮೆಯಿತ್ತು. ಡಾಂಬರಿನ ಹಿಡಿತದ ಅಳತೆಯಾದ ಘರ್ಷಣೆಯ ಗುಣಾಂಕ 0.6 ಎಂದು ಹಿಡಿದರೆ ಇದು ಗಂಟೆಗೆ 38 ಕಿ.ಮೀ. ವೇಗಕ್ಕೆ ಹೊಂದುತ್ತದೆ, ಅವಳು ಹೇಳಿದ್ದೂ ನಲವತ್ತರ ಒಳಗೆ ಎಂದೇ. ಕಾಳು ಹರವಿದ್ದ ರೈತರು ತಾವೇ ಅವಳನ್ನು ಎತ್ತಿ ನೀರು ಕೊಟ್ಟು ಆಟೋ ಹತ್ತಿಸಿದವರು. ನಾನು ಏನೂ ಕೇಳದಿದ್ದರೂ, "ಕಣ ಮಾಡೋಕೆ ಜಾಗ ಎಲ್ಲೈತಿ ಸಾರ್, ಹಸಿ ಒಯ್ದ್ರೆ ಮಂಡಿಯಾಗೆ ರೇಟ್ ಮುರೀತಾರೆ" ಎಂದರು. ತೇವಾಂಶ ಶೇಕಡಾ 14ಕ್ಕಿಂತ ಹೆಚ್ಚಿದ್ದರೆ ದರ ಬೀಳುವುದು ನಿಜ. ರಸ್ತೆಯ ಮೇಲೆ ಒಕ್ಕಣೆ ಕೂಡದೆಂಬ ಸೂಚನೆ ಪ್ರತಿ ವರ್ಷ ಹೊರಡುತ್ತದೆ, ಕಾಳು ಪ್ರತಿ ವರ್ಷ ರಸ್ತೆಗೆ ಬರುತ್ತದೆ. ಅವಳ ಉಡುಪಿನ ಲೆಕ್ಕದಲ್ಲಿ ಇದನ್ನು ಮಳೆಯಂತೆ, ಬಿಸಿಲಿನಂತೆ ಇದ್ದೇ ಇರುವುದೆಂದು ನಾನು ಹಿಡಿಯಬೇಕಾಗಿತ್ತು.

ಉಡುಪನ್ನು ಮೇಜಿನ ಮೇಲೆ ಹರಡಿ ನೋಡಿದಾಗ ಕಂಡದ್ದು ಹೀಗೆ. ಎಡಗ್ಲೌಸಿನ ಅಂಗೈ ಬುಡದ ತುಂಡು ಅರ್ಧ ಸವೆದಿತ್ತು, ಕೆಳಗಿನ ಚರ್ಮಕ್ಕೆ ಗೀರಿರಲಿಲ್ಲ. ಜಾಕೆಟ್ಟಿನ ಎಡ ಮೊಣಕೈಯ ದಪ್ಪ ಬಟ್ಟೆ ಜುಂಗು ಎದ್ದಿತ್ತು, ಅದರ ಪಕ್ಕದ ಜಾಲರಿ ಒಂದಿಂಚು ಹರಿದಿತ್ತು, ಆರ್ಮರ್ ಕದಲಿರಲಿಲ್ಲ. ಹೆಲ್ಮೆಟ್ಟಿನ ಗಲ್ಲದ ಎಡಭಾಗದಲ್ಲಿ ಬಣ್ಣ ಹೋಗಿ ನಾಲ್ಕು ಬೆರಳಗಲದ ಒರಟು ಗುರುತು. ನೀ ಗಾರ್ಡ್ ಮಾತ್ರ ಒಳಬದಿಗೆ ತಿರುಗಿಹೋಗಿತ್ತು. ಪ್ಯಾಂಟ್ ಹರಿದು ಮಂಡಿಯ ಚರ್ಮ ಕಿತ್ತು ಬಂದಿತ್ತು. ಎಡ ಶೂವಿನ ಕ್ಯಾನ್ವಾಸ್ ಫುಟ್‌ರೆಸ್ಟಿನ ಅಗಲಕ್ಕೆ ಸರಿಯಾಗಿ ಸೀಳಿತ್ತು. ಬೈಕಿನ ಭಾರವೆಲ್ಲ ಗಿಣ್ಣಿನ ಮೇಲೆ ಬಿದ್ದು, ಹೊರಬದಿಯ ಮೂಳೆಯಲ್ಲಿ ಬಿರುಕು ಬಿಟ್ಟಿತ್ತು. ಬೈಕಿಗೆ ಲೆಗ್ ಗಾರ್ಡ್ ಹಾಕಿಸಿರಲಿಲ್ಲ. ಆರು ವಾರ ಪ್ಲಾಸ್ಟರ್.

ಎರಡನೆಯ ತಪ್ಪು

ಫುಟ್‌ರೆಸ್ಟ್ ಉಜ್ಜಿರದ ಬೈಕನ್ನು ನಾನು ಸರ್ವೇ ಮಾಡಿದ್ದೇ ಅಪರೂಪ. ಆ ಲೋಹಕ್ಕೂ ರಸ್ತೆಗೂ ನಡುವೆ ಇದ್ದದ್ದು ಯಾರದೋ ಪಾದವೆಂದು ಗೊತ್ತಿದ್ದೂ ಶೂವನ್ನು ಪಟ್ಟಿಯ ಕೊನೆಗೆ ಹಾಕಿದ್ದೆ. ಕಾರಣ ಸರಳ: ಜಾಕೆಟ್ ಕಣ್ಣಿಗೆ ಕಾಣುತ್ತದೆ, ಶೂ ಕಾಣುವುದಿಲ್ಲ. ಈಗ ಅದೇ ಹದಿನೈದು ಸಾವಿರ ಕೈಗೆ ಬಂದರೆ ಹೆಲ್ಮೆಟ್ ಮತ್ತು ಗ್ಲೌಸನ್ನು ಹಾಗೆಯೇ ಇಟ್ಟುಕೊಂಡು, ಮೂರನೆಯದಾಗಿ ಗಿಣ್ಣು ಮುಚ್ಚುವ ಬೂಟು, ಅದರ ನಂತರ ಮೊಣಕಾಲು, ಉಳಿದ ಹಣದಲ್ಲಿ ಮೊಣಕೈಗೆ ಪಟ್ಟಿ ಕಟ್ಟುವ ಗಾರ್ಡ್ ತೆಗೆದು, ಮೆಶ್ ಜಾಕೆಟ್ಟನ್ನು ಎರಡು ತಿಂಗಳ ಸಂಬಳ ಬರುವವರೆಗೆ ತಡೆದು ಕೊಡಿಸುತ್ತೇನೆ. ಹೆದ್ದಾರಿಯಲ್ಲಷ್ಟೇ ಓಡಾಡುವವರಿಗೆ ಈ ಕ್ರಮವನ್ನು ಹೇಳಲಾರೆ. ಎಂಬತ್ತರಲ್ಲಿ ಜಾರಿದರೆ ದೂರ ನಾಲ್ಕು ಪಟ್ಟು ಹೆಚ್ಚುತ್ತದೆ, ಅಲ್ಲಿ ಜಾಕೆಟ್ಟಿನ ವರ್ಗವೇ ದೊಡ್ಡದು.

ಹೆಲ್ಮೆಟ್ ನೋಡಲು ಗಟ್ಟಿಯಾಗಿಯೇ ಇತ್ತು, ಅಣ್ಣ ಅದನ್ನು ಬಣ್ಣ ಹಚ್ಚಿಸಿ ಇಟ್ಟುಕೊಳ್ಳುವ ಮನಸ್ಸಿನಲ್ಲಿದ್ದ. ಪಟ್ಟಿಯನ್ನು ಕತ್ತರಿಸಿ, ಹಿತ್ತಿಲಲ್ಲಿ ಹ್ಯಾಕ್ಸಾ ಬ್ಲೇಡಿನಿಂದ ಎಡಗೆನ್ನೆಯ ಕಡೆ ಕೊಯ್ದು ತೋರಿಸಿದೆ. ಹೊರಚಿಪ್ಪಿನೊಳಗಿನ ಥರ್ಮೋಕೋಲ್ ಪದರದಲ್ಲಿ ಕೂದಲೆಳೆಯಷ್ಟು ಬಿರುಕು ಕಿವಿಯ ಕಡೆಗೆ ಹರಿದಿತ್ತು. ಪೆಟ್ಟನ್ನು ಹೀರುವುದು ಆ ಪದರ, ಒಮ್ಮೆ ಕುಗ್ಗಿದರೆ ಅದು ಮತ್ತೆ ಉಬ್ಬುವುದಿಲ್ಲ. ಅಣ್ಣ ಆ ಬಿರುಕಿನ ಮೇಲೆ ಉಗುರು ಆಡಿಸಿ ನೋಡಿ, ಹೊಸದಕ್ಕೆ ತಾನೇ ಹಣ ಕೊಟ್ಟ.

ಜನವರಿಯಲ್ಲಿ ಅವಳು ಮತ್ತೆ ಬೈಕು ಹತ್ತಿದಳು. ಲೆಗ್ ಗಾರ್ಡ್ ಕೂತಿತ್ತು. ನೀ ಗಾರ್ಡಿನ ಪಟ್ಟಿಗಳನ್ನು ಬಿಟ್ಟು, ದಪ್ಪ ಜೀನ್ಸಿನ ಒಳಗೆ ಮೊಣಕಾಲಿನ ಜಾಗಕ್ಕೆ ಚಾಮರಾಜಪೇಟೆಯ ದರ್ಜಿಯಿಂದ ಜೇಬು ಹೊಲಿಸಿ ಆರ್ಮರನ್ನು ಅದರಲ್ಲಿ ಇಳಿಸಿದ್ದೆವು. ಬೈಕಿನ ಮೇಲೆ ಕೂತು ಗುರುತು ಹಾಕಿಸಿದ್ದರಿಂದ ಅದು ತಿರುಗಲಿಲ್ಲ. ಬೂಟಿಗೆ 5,200 ರೂಪಾಯಿ: ಗಿಣ್ಣಿನ ಎರಡೂ ಬದಿಗೆ ಗಟ್ಟಿ ಬಟ್ಟಲು, ಲೇಸಿನ ಮೇಲೆ ಮುಚ್ಚುವ ಪಟ್ಟಿ, ಕೈಯಲ್ಲಿ ಹಿಡಿದು ಹಿಂಡಿದರೆ ಬಾಗದ ಅಟ್ಟೆ. ಆದರೆ ಅದರ ಮುಂಭಾಗ ಎಷ್ಟು ದಪ್ಪವಿತ್ತೆಂದರೆ ಗೇರ್ ಲಿವರಿನ ಕೆಳಗೆ ಪಾದವೇ ಹೋಗುತ್ತಿರಲಿಲ್ಲ. ಎರಡನೆಯ ಗೇರಿಗೆ ಏರಿಸಲು ಕಾಲನ್ನೇ ಎತ್ತಬೇಕಾಗುತ್ತಿತ್ತು. ಬೂಟು ವಾಪಸ್ ಕೊಡುವ ಮಾತೂ ಬಂತು. ಹದಡಿ ರಸ್ತೆಯ ಮೆಕ್ಯಾನಿಕ್ ಒಬ್ಬರು ಹತ್ತನೇ ನಂಬರ್ ಸ್ಪ್ಯಾನರಿನಿಂದ ಬೋಲ್ಟ್ ಸಡಿಲಿಸಿ, ಲಿವರನ್ನು ಶಾಫ್ಟಿನ ಹಲ್ಲಿನಿಂದ ಹೊರಗೆಳೆದು, ಒಂದು ಹಲ್ಲು ಮೇಲಕ್ಕೆ ತಿರುಗಿಸಿ ಮತ್ತೆ ಕೂರಿಸಿದರು. ಎರಡು ನಿಮಿಷದ ಕೆಲಸ, ದುಡ್ಡು ತೆಗೆದುಕೊಳ್ಳಲಿಲ್ಲ. ಅವಳು ಅಲ್ಲೇ ಕೂತು ಒಂದರಿಂದ ಐದರವರೆಗೆ ಗೇರ್ ಹಾಕಿ ಇಳಿಸಿ ನೋಡಿ, ಭರಮಸಾಗರದ ಕಡೆಗೆ ಹೊರಟಳು.